ಮಳೆಗಾಲದ ತುರ್ತಿಗೆ ಮನೆಮಂದಿಯ ಬಟ್ಟೆ: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

2018ರ ಆಗಸ್ಟ್ ತಿಂಗಳ ಆ ವಾರದಲ್ಲಿ ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿ ಕಡೆಯ ಮನೆಗಳನ್ನು ಬಿಟ್ಟು ಬಂದವರಲ್ಲಿ ನಾವೂ ಒಬ್ಬರು. ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಸದ್ದು ಮಾಡಿದ ಮೇಲೆ ನಮಗೆ ಸಿಕ್ಕಿದ್ದು ಹೆಚ್ಚೆಂದರೆ ಹತ್ತು ನಿಮಿಷ. ಕೈಗೆ ಸಿಕ್ಕ ಬಟ್ಟೆಗಳನ್ನೆಲ್ಲ ಒಂದು ಹೊದಿಕೆಯಲ್ಲಿ ಗಂಟು ಕಟ್ಟಿ ಹೊತ್ತುಕೊಂಡು ಬಂದೆವು. ಪರಿಹಾರ ಕೇಂದ್ರದ ನೆಲದ ಮೇಲೆ ಆ ಗಂಟು ಬಿಚ್ಚಿದಾಗ ಅದರಲ್ಲಿದ್ದದ್ದು ಅಮ್ಮನ ನಾಲ್ಕು ಸೀರೆ, ನನ್ನದೊಂದು ಜೀನ್ಸ್ ಪ್ಯಾಂಟು, ಅಪ್ಪನ ದಪ್ಪ ಸ್ವೆಟರ್ ಮತ್ತು ಮಗಳ ಹಬ್ಬದ ಲಂಗ. ಅಮ್ಮನಿಗೆ ಒಂದು ಒಳಲಂಗವಾಗಲಿ, ಅಪ್ಪನಿಗೆ ಒಂದು ಬನಿಯನ್ನಾಗಲಿ, ಮಗುವಿಗೆ ಒಂದು ಚಡ್ಡಿಯಾಗಲಿ ಇರಲಿಲ್ಲ. ಇದ್ದದ್ದೆಲ್ಲವೂ ನೀರು ಕುಡಿದು ಭಾರವಾಗಿತ್ತು. ಕಿಟಕಿಯ ಸರಳಿಗೆ ನೇತುಹಾಕಿದ ಆ ಸ್ವೆಟರಿನ ಕಂಕುಳನ್ನು ಐದನೆಯ ದಿನ ಹಿಂಡಿದರೂ ನೀರು ಜಿನುಗುತ್ತಿತ್ತು.

ಅಂದಿನಿಂದ ಪ್ರತಿವರ್ಷ ಮಳೆಗಾಲಕ್ಕೆ ಸೌದೆ ಕೂಡಿಡುವಷ್ಟೇ ಶ್ರದ್ಧೆಯಿಂದ ನಾವು ಬಟ್ಟೆಯನ್ನೂ ಕೂಡಿಡುತ್ತಿದ್ದೇವೆ. ನಮ್ಮ ಜಿಲ್ಲೆಯ ತುರ್ತು ಪರಿಸ್ಥಿತಿಯೆಂದರೆ ಮುಖ್ಯವಾಗಿ ಒದ್ದೆಯ ಪರಿಸ್ಥಿತಿ. 2019ರಲ್ಲಿ ತೋರದಲ್ಲಿ ಗುಡ್ಡ ಕುಸಿಯಿತು, ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ನದಿದಡದ ಮನೆಗಳಿಗೆ ಕಾವೇರಿ ನುಗ್ಗಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜಾರಿತು. ಭಾಗಮಂಡಲವಂತೂ ಮಳೆ ಜೋರಾದಾಗಲೆಲ್ಲ ಜಲಾವೃತವಾಗುವ ಊರು. ಇವೆಲ್ಲವೂ ನಡೆದದ್ದು ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕಕ್ಕಡ ಮಾಸದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು) ಆಸುಪಾಸಿನಲ್ಲಿ. ಆದ್ದರಿಂದ ತುರ್ತಿಗೆಂದು ಬಟ್ಟೆ ಆರಿಸುವಾಗ ಅದು ಎಷ್ಟು ದಪ್ಪವಿದೆ, ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕಿಂತ ಮೊದಲು, ಬಿಸಿಲಿಲ್ಲದ ಜಗಲಿಯಲ್ಲಿ ಅದು ಎಷ್ಟು ಹೊತ್ತಿನಲ್ಲಿ ಒಣಗುತ್ತದೆ ಎಂದು ಕೇಳಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯನ್ನೇ ಆಧರಿಸಿವೆ.

ಮೊದಲ ಹಂತ: ಮನೆಯ ಬಟ್ಟೆಗಳನ್ನೇ ಒದ್ದೆ ಮಾಡಿ ಪರೀಕ್ಷಿಸುವುದು

ಅಂಗಡಿಗೆ ಹೋಗುವ ಮೊದಲು ಕಪಾಟಿನಲ್ಲಿರುವುದನ್ನು ಅರಿಯಬೇಕು. ಮಳೆ ಹಿಡಿದ ಒಂದು ಸಂಜೆ ಮನೆಯ ಪ್ರತಿಯೊಂದು ಬಗೆಯ ಬಟ್ಟೆಯಿಂದ ಒಂದೊಂದನ್ನು ತೆಗೆದುಕೊಂಡು, ಒಣಗಿರುವಾಗ ತೂಗಿ, ನೀರಿನಲ್ಲಿ ಅದ್ದಿ, ಕೈಯಿಂದ ಬಲವಾಗಿ ಹಿಂಡಿ, ಮತ್ತೆ ತೂಗಿ, ಜಗಲಿಯ ಹಗ್ಗಕ್ಕೆ ಹಾಕಿರಿ. ನಮ್ಮ ಮನೆಯಲ್ಲಿ ಕಾಳುಮೆಣಸು ತೂಗುವ ಚಿಕ್ಕ ತಕ್ಕಡಿಯಲ್ಲಿ ಹೀಗೆ ನೋಡಿದಾಗ 650 ಗ್ರಾಂ ತೂಗುತ್ತಿದ್ದ ಜೀನ್ಸ್ ಹಿಂಡಿದ ಮೇಲೂ 1 ಕಿಲೋ 200 ಗ್ರಾಂ ತೂಗಿತು, ಮೂರನೆಯ ದಿನವೂ ಅದರ ಸೊಂಟಪಟ್ಟಿ ಮತ್ತು ಜೇಬುಗಳು ತಣ್ಣಗೇ ಇದ್ದವು. ಅದೇ ಹಗ್ಗದಲ್ಲಿದ್ದ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟು ಮರುದಿನ ಬೆಳಗಿಗೆ ತೊಡುವಂತಾಗಿತ್ತು. ತೆಳು ಲುಂಗಿ, ವಾಯಿಲ್ ಸೀರೆ, ಸಿಂಥೆಟಿಕ್ ನೈಟಿ ಮತ್ತು ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ) ಜಾಕೆಟ್ ಒಂದು ರಾತ್ರಿ ಕಳೆಯುವಷ್ಟರಲ್ಲಿ ಒಣಗಿದವು. ಟರ್ಕಿ ಟವೆಲ್, ದಪ್ಪ ಹತ್ತಿಯ ಟೀ ಶರ್ಟ್, ಜಮಖಾನೆ ಇವು ಒಣಗುವ ಮೊದಲೇ ಕಮಟು ಹಿಡಿದವು.

ಒಣಗುವಿಕೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹತ್ತಿಯ ಎಳೆ ನೀರನ್ನು ಒಳಗೆ ಹೀರಿಕೊಂಡು ಮೈಗಂಟಿಕೊಳ್ಳುವುದರಿಂದ ಮೈಯ ಬಿಸಿ ಹೊರಗೆ ಹರಿದುಹೋಗುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಆದರೆ ದಪ್ಪ ಉಣ್ಣೆ ಒಣಗಲು ದಿನಗಟ್ಟಲೆ ಬೇಕು. ಪಾಲಿಯೆಸ್ಟರ್ ಫ್ಲೀಸ್ ನೀರು ಹೀರುವುದೇ ಕಡಿಮೆ, ಹಿಂಡಿದರೆ ಬಹುಪಾಲು ಹೊರಬರುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯ ಸುತ್ತಮುತ್ತ ಮಳೆ ಮತ್ತು ಗಾಳಿ ಸೇರಿದಾಗ ಚಿಕ್ಕ ಮಕ್ಕಳು ಹಾಗೂ ವೃದ್ಧರ ಮೈಬಿಸಿ ಬಹಳ ಬೇಗ ಇಳಿಯುತ್ತದೆ. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಪ್ರಾಣಾಪಾಯದ ಸ್ಥಿತಿ. ನಡುಗುತ್ತಿರುವವರಿಗೆ ಮೊದಲು ಮಾಡಬೇಕಾದ ಉಪಚಾರ ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ತೊಡಿಸುವುದೇ ಆಗಿರುವಾಗ, ಒಣಬಟ್ಟೆಯ ಚೀಲವನ್ನು ಔಷಧಿಪೆಟ್ಟಿಗೆಯಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ.

ಸಿಂಥೆಟಿಕ್ ಬಟ್ಟೆಯ ಒಂದು ದೋಷವನ್ನೂ ಹೇಳಬೇಕು. ಅದು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬಾರದು, ಅಡುಗೆ ಮಾಡುವವರು ಆ ಹೊತ್ತಿಗೆ ತೆಳು ಹತ್ತಿಯ ಉಡುಪನ್ನೇ ತೊಡಬೇಕು.

ಎರಡನೆಯ ಹಂತ: ಒಬ್ಬೊಬ್ಬರಿಗೆ ಎಷ್ಟು ಎಂದು ಲೆಕ್ಕ ಹಾಕುವುದು

ಮೈಮೇಲೊಂದು, ಹಗ್ಗದಲ್ಲೊಂದು, ಚೀಲದಲ್ಲೊಂದು ಎಂಬ ಮೂರು ಜೊತೆಯ ಲೆಕ್ಕ ಬಯಲುಸೀಮೆಗೆ ಸಾಕಾಗುತ್ತದೆ. ಇಲ್ಲಿ ಮೇಲುಡುಪಿಗೆ ಮಾತ್ರ ಅದು ಸರಿ. ಒಳಉಡುಪುಗಳನ್ನು ಪ್ರತಿದಿನ ಬದಲಿಸದಿದ್ದರೆ ತೊಡೆಸಂದು, ಸೊಂಟ, ಎದೆಯ ಕೆಳಭಾಗಗಳಲ್ಲಿ ತುರಿ ಮತ್ತು ಹುಳುಕಡ್ಡಿ ಬಹಳ ಬೇಗ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಐದು ದಿನ ಏನೂ ಒಣಗುವುದಿಲ್ಲ ಎಂದಿಟ್ಟುಕೊಂಡು ಪ್ರತಿಯೊಬ್ಬರಿಗೂ ಆರು ಜೊತೆ ಒಳಉಡುಪು, ನಾಲ್ಕು ಜೊತೆ ಕಾಲುಚೀಲ, ಮೂರು ಜೊತೆ ಮೇಲುಡುಪು, ಒಂದು ಫ್ಲೀಸ್ ಅಥವಾ ತೆಳು ಉಣ್ಣೆಯ ಅಂಗಿ, ಕಿವಿ ಮುಚ್ಚುವ ಒಂದು ಟೋಪಿ, ಮೈ ಒರೆಸಲು ಎರಡು ತೆಳು ಪಂಚೆ, ಒಂದು ಮಳೆಅಂಗಿ ಎಂದು ನಾವು ನಿಗದಿ ಮಾಡಿಕೊಂಡಿದ್ದೇವೆ. ಪರಿಹಾರ ಕೇಂದ್ರಗಳಿಗೆ ದಾನವಾಗಿ ಬರುವ ಬಟ್ಟೆಯನ್ನು ನೆಚ್ಚಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. 2018ರಲ್ಲಿ ನಾವಿದ್ದ ಕೇಂದ್ರದ ಮೂಲೆಯಲ್ಲಿ ಸೀರೆ, ಶರ್ಟುಗಳ ರಾಶಿ ಮೊಣಕಾಲೆತ್ತರಕ್ಕೆ ಬಿದ್ದಿತ್ತು. ನಾಡಿನ ಜನ ಪ್ರೀತಿಯಿಂದಲೇ ಕಳುಹಿಸಿದ್ದರು, ಆ ಋಣ ನಮ್ಮ ಮೇಲಿದೆ. ಆದರೆ ಆ ರಾಶಿಯಲ್ಲಿ ಅಳತೆಗೆ ಸರಿಹೋಗುವ ಒಳಉಡುಪು ಯಾರಿಗೂ ಸಿಗಲಿಲ್ಲ, ಸಿಗುವುದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಒಳಉಡುಪು ನಮ್ಮ ಚೀಲದಲ್ಲೇ ಇರಬೇಕು.

ಮೂರನೆಯ ಹಂತ: ಮನೆಯ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಯೋಚಿಸುವುದು

ಶಾಲೆಗೆ ಹೋಗುವ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 7 ಸೆಂಟಿಮೀಟರ್ ಬೆಳೆಯುತ್ತಾರೆ. ಹಿಂದಿನ ವರ್ಷ ತುಂಬಿಟ್ಟದ್ದು ಈ ವರ್ಷ ಮೊಣಕೈಗೆ ಬಂದಿರುತ್ತದೆ. ಆದ್ದರಿಂದ ಒಂದು ಅಳತೆ ದೊಡ್ಡದನ್ನೇ ಕೊಂಡು, ತೋಳು ಮತ್ತು ಪಾದದ ಅಂಚನ್ನು ಒಳಮಡಚಿ ದೊಡ್ಡ ಹೊಲಿಗೆ ಹಾಕಿಡುವುದು ಉತ್ತಮ, ಬೇಕಾದಾಗ ಬಿಚ್ಚಬಹುದು. ಮಕ್ಕಳ ಚೀಲದಲ್ಲಿ ಶಾಲೆಯ ಸಮವಸ್ತ್ರದ ಒಂದು ಜೊತೆಯನ್ನು ತಪ್ಪದೆ ಇಡಿ. ಮನೆಗೆ ಮರಳುವುದಕ್ಕಿಂತ ಬಹಳ ಮೊದಲೇ ಶಾಲೆ ತೆರೆಯುತ್ತದೆ. ನನ್ನ ಮಗಳು ಆ ವರ್ಷ ಮೂರು ವಾರ ಯಾರದೋ ದೊಡ್ಡ ಅಳತೆಯ ಹಳದಿ ಫ್ರಾಕಿನಲ್ಲಿ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಕೇಂದ್ರದಲ್ಲಿ ಮಲಗಿದ ರಾತ್ರಿಗಳಿಗಿಂತ ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತೆಂದು ಆಮೇಲೆ ಹೇಳಿದಳು.

ಹೆಣ್ಣುಮಕ್ಕಳ ಉಡುಪಿನಲ್ಲಿ ಬಣ್ಣಕ್ಕೂ ಮಹತ್ವವಿದೆ. ಒಳಲಂಗ, ಪ್ಯಾಂಟು, ನೈಟಿ ಗಾಢ ಬಣ್ಣದ್ದಿರಲಿ, ಏಕೆಂದರೆ ಮುಟ್ಟಿನ ದಿನಗಳಲ್ಲಿ ನೂರಾರು ಜನರ ನಡುವೆ ಕಲೆಯ ಆತಂಕ ಬೇಡ. ಎರಡು ತಿಂಗಳಿಗಾಗುವಷ್ಟು ಪ್ಯಾಡುಗಳನ್ನು ಇವುಗಳ ಜೊತೆಗೇ ಪ್ಲಾಸ್ಟಿಕ್ ಕವರಿನಲ್ಲಿಡಿ. ಬಟ್ಟೆಯ ಪ್ಯಾಡುಗಳನ್ನು ಬಳಸುವವರು, ಬಿಸಿಲಿನಲ್ಲಿ ಒಣಗಿಸಲಾಗದ ದಿನಗಳಿಗೆಂದು ಅಂಗಡಿಯದ್ದನ್ನೂ ಇಟ್ಟುಕೊಳ್ಳಬೇಕು. ಸೀರೆಯೊಂದನ್ನೇ ಉಡುವ ಹಿರಿಯರಿಗೆ ಮೂರು ಪಾಲಿಯೆಸ್ಟರ್ ಅಥವಾ ವಾಯಿಲ್ ಸೀರೆಗಳಿಗೆ ಆರು ಒಳಲಂಗ, ನಾಲ್ಕು ರವಿಕೆ ಬೇಕು. ಕೇಂದ್ರದಲ್ಲಿ ಸೀರೆ ಬದಲಿಸಲು ಮರೆಯಿರುವ ಸ್ಥಳವಿರುವುದಿಲ್ಲವಾದ್ದರಿಂದ ಎರಡು ನೈಟಿ, ಒಂದು ಅಗಲವಾದ ದುಪಟ್ಟಾ ಇರಲಿ. ಹಾಲೂಡಿಸುವ ತಾಯಂದಿರಿಗೆ ಮುಂದೆ ತೆರೆಯುವ ಉಡುಪೇ ಆಗಬೇಕು.

ಹಾಸಿಗೆ ಹಿಡಿದವರಿಗೆ ಗುಂಡಿ, ಜಿಪ್ಪುಗಳಿಲ್ಲದ, ಸೊಂಟಕ್ಕೆ ಎಲಾಸ್ಟಿಕ್ ಇರುವ, ಬೆನ್ನಿನ ಕಡೆ ತೆರೆದು ದಾರ ಕಟ್ಟುವ ಅಂಗಿಗಳನ್ನು ಊರಿನ ದರ್ಜಿಯಿಂದ ಮೊದಲೇ ಹೊಲಿಸಿಡಿ. ಎಳೆಗೂಸುಗಳಿಗೆ ಹಳೆಯ ಮೆತ್ತನೆಯ ಪಂಚೆಗಳನ್ನು ಹರಿದು ಮಾಡಿದ ಚೌಕಗಳು ಎಷ್ಟಿದ್ದರೂ ಹೆಚ್ಚಲ್ಲ. ಗಂಡಸರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ: ಜೀನ್ಸ್ ಬಿಟ್ಟು ಉಳಿದದ್ದು ಏನಾದರೂ ಸರಿ. ಆದರೆ ಲುಂಗಿಗಳನ್ನು ಲೆಕ್ಕಕ್ಕಿಂತ ಎರಡು ಹೆಚ್ಚು ಇಡಿ. ಕೇಂದ್ರದಲ್ಲಿ ಲುಂಗಿಯೇ ಪರದೆಯಾಯಿತು, ಹೊದಿಕೆಯಾಯಿತು, ಪಕ್ಕದ ಕುಟುಂಬದ ಕೂಸಿಗೆ ತೊಟ್ಟಿಲೂ ಆಯಿತು.

ತೋಟದ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವವರನ್ನು ನಮ್ಮ ಲೆಕ್ಕದಿಂದ ಹೊರಗಿಡಬಾರದು. ದೂರದ ರಾಜ್ಯಗಳಿಂದ ಬಂದ ಕುಟುಂಬಗಳ ಬಳಿ ಎರಡು ಜೊತೆಗಿಂತ ಹೆಚ್ಚು ಬಟ್ಟೆ ಇರುವುದೇ ಅಪರೂಪ, ಇಲ್ಲಿಯ ಮಳೆಯ ಅಂದಾಜೂ ಅವರಿಗಿರುವುದಿಲ್ಲ. ತೋಟದ ಮಾಲೀಕರು ಮೇ ತಿಂಗಳಲ್ಲೇ ಅವರ ಪ್ರತಿ ಮನೆಗೂ ಮುಚ್ಚಳವಿರುವ ಒಂದು ಡ್ರಮ್, ಫ್ಲೀಸ್ ಹೊದಿಕೆ, ಮಕ್ಕಳಿಗೆ ಮಳೆಅಂಗಿ ಕೊಡಿಸುವುದು ಕೂಲಿಯ ಜೊತೆಗೆ ಸೇರಬೇಕಾದ ಕರ್ತವ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾಲ್ಕನೆಯ ಹಂತ: ಹೊರಗಿನ ಪದರ ಮತ್ತು ಪಾದರಕ್ಷೆ

ನಮ್ಮ ಹಿರಿಯರು ನಾಟಿಯ ಗದ್ದೆಯಲ್ಲಿ ಎಲೆಗಳಿಂದ ಹೆಣೆದ ಗೊರಬೆ ಹೊದ್ದು, ಕಂಬಳಿ ಕೊಪ್ಪೆ ಹಾಕಿ ಇಡೀ ದಿನ ಮಳೆಯಲ್ಲಿ ದುಡಿಯುತ್ತಿದ್ದರು. ಅದು ಸಂಜೆ ಒಲೆಯ ಬಳಿಗೆ ಮರಳುವವರ ಉಡುಪು. ನೆನೆದ ಕಂಬಳಿಯನ್ನು ಒಲೆಯಿಲ್ಲದ ಕೇಂದ್ರದಲ್ಲಿ ಒಣಗಿಸಲು ಸಾಧ್ಯವೇ ಇಲ್ಲ. ತುರ್ತಿನ ಚೀಲಕ್ಕೆ ಪ್ಯಾಂಟು ಮತ್ತು ಅಂಗಿ ಬೇರೆಬೇರೆಯಾಗಿರುವ, ಹೊಲಿಗೆಯ ಮೇಲೆ ಒಳಗಿನಿಂದ ಟೇಪು ಅಂಟಿಸಿರುವ ಮಳೆಅಂಗಿಯೇ ಸೂಕ್ತ. ಕೊಳ್ಳುವಾಗ ತೋಳನ್ನು ಒಳಮಗ್ಗುಲು ಮಾಡಿ ಟೇಪು ಇದೆಯೇ ಎಂದು ಬೆರಳಾಡಿಸಿ ನೋಡಿ, ಟೇಪಿಲ್ಲದ ಹೊಲಿಗೆ ಅರ್ಧಗಂಟೆಯಲ್ಲಿ ಸೋರುತ್ತದೆ. ಬಣ್ಣ ಹಳದಿ, ಕಿತ್ತಳೆ ಅಥವಾ ಕೆಂಪಾಗಿರಲಿ. ಕುಸಿದ ಕೆಮ್ಮಣ್ಣು ಮತ್ತು ಕಾಫಿ ಗಿಡಗಳ ಹಸಿರಿನ ನಡುವೆ ಕಂದು, ಹಸಿರು, ಕಪ್ಪು ಬಣ್ಣದ ಅಂಗಿ ತೊಟ್ಟವರು ರಕ್ಷಣೆಗೆ ಬಂದವರ ಕಣ್ಣಿಗೆ ಬೀಳುವುದಿಲ್ಲ. ಕೊಡೆ ಬೇಡವೇ ಬೇಡ. ಕೈ ಎರಡೂ ಖಾಲಿ ಇರಬೇಕು.

ಪಾದರಕ್ಷೆಯ ವಿಷಯದಲ್ಲಿ ಗಮ್‌ಬೂಟಿನ ಮೇಲೆ ನಮ್ಮವರಿಗೆ ಅತಿಯಾದ ನಂಬಿಕೆ. ತೋಟದ ಕೆಸರಿಗೆ ಅದು ಒಳ್ಳೆಯದು. ಆದರೆ ನೀರು ಅದರ ಅಂಚಿಗಿಂತ ಮೇಲೇರಿದರೆ ಒಳಗೆ ತುಂಬಿಕೊಂಡು ಕಾಲೆತ್ತಲಾಗುವುದಿಲ್ಲ. ರಭಸದಿಂದ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ದೊಡ್ಡವರನ್ನು ಕೆಡವಬಲ್ಲುದು, ಆದ್ದರಿಂದ ಯಾವ ಬೂಟು ಧರಿಸಿದರೂ ಅಂಥ ನೀರಿಗೆ ಇಳಿಯಬಾರದು. ಚೀಲದಲ್ಲಿ ಇಡಬೇಕಾದದ್ದು ಹಿಮ್ಮಡಿಗೆ ಪಟ್ಟಿಯಿರುವ, ಅಡಿಯಲ್ಲಿ ಆಳವಾದ ಗೀರುಗಳಿರುವ ರಬ್ಬರ್ ಸ್ಯಾಂಡಲ್. ಹವಾಯಿ ಚಪ್ಪಲಿ ಕೆಸರಿನಲ್ಲಿ ಕಳಚಿಹೋಗುತ್ತದೆ, ಬರಿಗಾಲಿನ ಗಾಯದ ಮೂಲಕ ನೆರೆನೀರಿನಿಂದ ಇಲಿಜ್ವರ ತಗಲುತ್ತದೆ. ಕಾಡುಹಾದಿಯಲ್ಲಿ ನಡೆದು ಬರಬೇಕಾದವರಿಗೆ ನುಣುಪಾದ ಒತ್ತು ನೇಯ್ಗೆಯ, ಮೊಣಕಾಲಿನವರೆಗೆ ಬರುವ ಕಾಲುಚೀಲ ಬೇಕು. ಸಡಿಲ ನೇಯ್ಗೆಯ ಕಾಲುಚೀಲದೊಳಗೆ ಜಿಗಣೆ ಸುಲಭವಾಗಿ ನುಸುಳುತ್ತದೆ. ಚರ್ಮದ ಶೂಗಳನ್ನು ಕೂಡಿಡಬೇಡಿ, ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತವೆ.

ಐದನೆಯ ಹಂತ: ವರ್ಷಪೂರ್ತಿ ಸ್ವಲ್ಪಸ್ವಲ್ಪವಾಗಿ ಕೂಡಿಡುವುದು

ಒಂದೇ ಸಲ ಎಲ್ಲವನ್ನೂ ಕೊಳ್ಳಲು ಹೊರಟರೆ ಯಾರಿಗೂ ಭಾರವೇ. ಮಕ್ಕಳ ಫ್ಲೀಸ್ ಮತ್ತು ಸ್ವೆಟರುಗಳನ್ನು ಚಳಿಗಾಲದ ಕೊನೆಯಲ್ಲಿ, ಟಿಬೆಟಿಯನ್ನರು ಅಂಗಡಿ ಮುಚ್ಚುವ ಹೊತ್ತಿಗೆ ಕೊಂಡರೆ ಬೆಲೆ ಇಳಿದಿರುತ್ತದೆ. ಮಳೆಅಂಗಿಯನ್ನು ಮಾರ್ಚ್‌ನಲ್ಲಿ ಕೊಳ್ಳಿ, ಜೂನ್ ಬಂದರೆ ಬೇಕಾದ ಅಳತೆ ಸಿಗುವುದಿಲ್ಲ. ಒಳಉಡುಪು, ಕಾಲುಚೀಲಗಳನ್ನು ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗಲೆಲ್ಲ ಒಂದೊಂದು ಜೊತೆಯಂತೆ ತಂದರೆ ಹೊರೆ ಗೊತ್ತಾಗುವುದಿಲ್ಲ. ಮೇಲುಡುಪಿಗೆ ಹೊಸದು ಬೇಕಾಗಿಲ್ಲ. ತೊಟ್ಟು ಮೆತ್ತಗಾದ, ಹರಿಯದ ಬಟ್ಟೆಯೇ ಮೈಗೆ ಹಿತ.

ಮದುವೆಯ ಸೀರೆ, ಅಜ್ಜನ ಕಾಲದ ಕುಪ್ಯ (ಉದ್ದನೆಯ ಅಂಗಿ), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ (ಸೊಂಟದ ಕಿರುಗತ್ತಿ) ಇವುಗಳಿಗೆ ತುರ್ತಿನ ಚೀಲದಲ್ಲಿ ಜಾಗವಿಲ್ಲ. ಆದರೆ ಮನಸ್ಸು ಮೊದಲು ಓಡುವುದು ಅವುಗಳ ಕಡೆಗೇ, ಒಂದು ಹೆಜ್ಜೆ ಹೊರಗಿಟ್ಟವರೂ ಅವುಗಳಿಗಾಗಿ ಹಿಂದಿರುಗುತ್ತಾರೆ, ಕುಸಿಯುವ ಬರೆಯ ಕೆಳಗೆ ಆ ಹಿಂದಿರುಗುವಿಕೆಯೇ ಅತ್ಯಂತ ಅಪಾಯಕಾರಿ. ಬರೆಯ ಅಂಚಿನಲ್ಲೋ ಹೊಳೆಯ ದಡದಲ್ಲೋ ಮನೆಯಿರುವವರು ಮೇ ತಿಂಗಳಲ್ಲೇ ಅವುಗಳನ್ನು ಸುರಕ್ಷಿತ ಜಾಗದಲ್ಲಿರುವ ನೆಂಟರ ಮನೆಗೆ ಸಾಗಿಸಿ, ಸುಗ್ಗಿಹಬ್ಬವಾದ ಹುತ್ತರಿಗೆ (ನವೆಂಬರ್-ಡಿಸೆಂಬರ್) ಮೊದಲು ವಾಪಸು ತರುವುದು ಒಳಿತು. ಅದೇ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಜೊತೆ ಸಾಮಾನ್ಯ ಉಡುಪನ್ನೂ ಇಟ್ಟಿದ್ದರೆ, ನಮ್ಮ ಚೀಲ ಕೈತಪ್ಪಿದರೂ ಅಲ್ಲಿ ಉಡಲು ನಮ್ಮದೇ ಬಟ್ಟೆ ಇರುತ್ತದೆ. ನೆಂಟರ ಮನೆಯನ್ನು ಆರಿಸುವಾಗ ಅದೂ ನೀರಿನ ದಾರಿಯಲ್ಲಿಲ್ಲವೆಂದು ನೋಡಿಕೊಳ್ಳಿ; 2018 ಮತ್ತು 2019ರಲ್ಲಿ ಕುಶಾಲನಗರದ ಬಡಾವಣೆಗಳೂ ಮುಳುಗಿದ್ದವು.

ಆರನೆಯ ಹಂತ: ತುಂಬುವುದು ಮತ್ತು ಕಾಪಾಡುವುದು

ಬಟ್ಟೆಯನ್ನು ಗಾಳಿಯಾಡದಂತೆ ಮುಚ್ಚುವ ಮೊದಲು ಅದು ಪೂರ್ತಿ ಒಣಗಿರಬೇಕು, ಇಲ್ಲವಾದರೆ ತೇವವನ್ನೂ ಒಳಗೇ ಕೂಡಿಟ್ಟಂತಾಗುತ್ತದೆ. ಕಾಫಿ ಹರಡುವ ಕಣದಲ್ಲಿ ಜನವರಿ, ಫೆಬ್ರವರಿಯ ಬಿಸಿಲಿಗೆ ಎರಡು ದಿನ ಹಾಕಿ, ಇಸ್ತ್ರಿ ಮಾಡಿ, ಇಸ್ತ್ರಿಯ ಬಿಸಿ ಸಂಪೂರ್ಣ ಆರಿದ ಮೇಲೆಯೇ ಕವರಿಗೆ ಹಾಕಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಕವರಿನ ಒಳಮೈಯಲ್ಲಿ ನೀರಿನ ಹನಿ ಕಟ್ಟುತ್ತದೆ. ಕಣದಲ್ಲಿ ಕಾಫಿ ಇದ್ದರೆ ಮಹಡಿಯ ಮೇಲಾದರೂ ಸರಿ, ಆದರೆ ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಗೆ ಮೊದಲು ಈ ಕೆಲಸ ಮುಗಿದಿರಲಿ.

ಒಬ್ಬರ ಒಂದು ದಿನದ ಪೂರ್ಣ ಉಡುಪನ್ನು, ಅಂದರೆ ಒಳಉಡುಪು, ಮೇಲುಡುಪು, ಕಾಲುಚೀಲಗಳನ್ನು ಒಟ್ಟಾಗಿ ಬಿಗಿಯಾಗಿ ಸುರುಳಿ ಸುತ್ತಿ, ಜಿಪ್ ಕವರಿಗೆ ಹಾಕಿ, ಮೇಲೆ ಒತ್ತಿ ಗಾಳಿ ಹೊರದೂಡಿ ಮುಚ್ಚಿರಿ. ಎಲ್ಲರ ಚಡ್ಡಿ ಒಂದು ಕವರಿನಲ್ಲಿ, ಎಲ್ಲರ ಅಂಗಿ ಇನ್ನೊಂದರಲ್ಲಿ ಎಂದು ವಿಂಗಡಿಸಿದರೆ ಕತ್ತಲಲ್ಲಿ ಐದೂ ಕವರು ಬಿಚ್ಚಬೇಕಾಗುತ್ತದೆ, ಐದೂ ಒದ್ದೆಯಾಗುತ್ತವೆ. ಕವರುಗಳನ್ನು ದಪ್ಪ ಪ್ಲಾಸ್ಟಿಕ್ ಒಳಚೀಲಕ್ಕೂ, ಅದರ ಬಾಯನ್ನು ತಿರುಚಿ ಮಡಚಿ ಕಟ್ಟಿದ ಮೇಲೆ ಬೆನ್ನಿಗೆ ಹಾಕುವ ಬ್ಯಾಗಿಗೂ ಸೇರಿಸಬೇಕು. ರಸಗೊಬ್ಬರದ ಹಳೆಯ ಚೀಲಗಳನ್ನು ಎಷ್ಟೇ ತೊಳೆದರೂ ಬಟ್ಟೆಗೆ ಬಳಸಬೇಡಿ, ಚರ್ಮ ಉರಿಯುತ್ತದೆ. ಮನೆಯಲ್ಲೇ ಉಳಿಯುವ ಹೆಚ್ಚುವರಿ ಹೊದಿಕೆಗಳಿಗೆ, ಪಟ್ಟಿ ಬಿಗಿದು ಮುಚ್ಚುವ ನೀಲಿ ಡ್ರಮ್ಮಿನಷ್ಟು ಒಳ್ಳೆಯದು ಬೇರಿಲ್ಲ, ಆದರೆ ಅದೂ ಹೊಸದೇ ಆಗಿರಲಿ. ಕಬ್ಬಿಣದ ಟ್ರಂಕು ತುಕ್ಕು ಹಿಡಿದು ಬಟ್ಟೆಗೆಲ್ಲ ಕಲೆ ಮಾಡುತ್ತದೆ.

ನುಸಿಗುಳಿಗೆಯ ಬಗ್ಗೆ ಒಂದು ಎಚ್ಚರಿಕೆಯಿದೆ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರವಾದ ಕಾಮಾಲೆಯನ್ನು ತರಬಲ್ಲದು. ಆ ಕೊರತೆ ಇದೆಯೆಂದು ಬಹುತೇಕ ಹೆತ್ತವರಿಗೆ ಗೊತ್ತೇ ಇರುವುದಿಲ್ಲ. ಮಕ್ಕಳ ಬಟ್ಟೆಯಲ್ಲಿ ಅದನ್ನು ಇಡಲೇಬೇಡಿ, ಕರ್ಪೂರವನ್ನೂ ಇಡಬೇಡಿ. ಒಣಗಿಸಿದ ಬೇವಿನ ಎಲೆ, ಲವಂಗ, ಕಾಳುಮೆಣಸುಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಸಾಕು. ಬೂಸ್ಟಿಗೆ ಔಷಧವೆಂದರೆ ಒಣತನವೊಂದೇ.

ಪ್ರತಿ ಚೀಲದ ಮೇಲೆ ಹೆಸರು, ಅಳತೆ, ತುಂಬಿದ ತಿಂಗಳನ್ನು ಅಳಿಯದ ಶಾಯಿಯಲ್ಲಿ ಬರೆಯಿರಿ. ಚಿಕ್ಕ ಮಕ್ಕಳ ಅಂಗಿಯ ಒಳಮಗ್ಗುಲಿಗೆ ಹೆಸರು, ರಕ್ತದ ಗುಂಪು, ಹೆತ್ತವರ ಫೋನ್ ಸಂಖ್ಯೆ ಬರೆದ ಬಟ್ಟೆಪಟ್ಟಿಯನ್ನು ಹೊಲಿಯಿರಿ. ಚೀಲಗಳನ್ನು ಅಟ್ಟದಲ್ಲಾಗಲಿ, ಬರೆಗೆ ತಾಗಿರುವ ಹಿಂದಿನ ಕೋಣೆಯಲ್ಲಾಗಲಿ ಇಡಬೇಡಿ. ಗುಡ್ಡ ಜಾರಿದಾಗ ಮೊದಲು ಒಡೆಯುವುದು ಹಿಂದಿನ ಗೋಡೆ. ಮುಂಬಾಗಿಲಿನ ಪಕ್ಕದಲ್ಲಿ, ಎದೆಯೆತ್ತರದ ಗೂಟಕ್ಕೆ ನೇತುಹಾಕುವುದೇ ಸರಿಯಾದ ಜಾಗ.

ಏಳನೆಯ ಹಂತ: ಯಾವಾಗ ಪರಿಶೀಲಿಸಬೇಕು, ಯಾವಾಗ ತೊಡಬೇಕು

ನಾವು ಕೊಡವರ ಹೊಸವರ್ಷವಾದ ಎಡಮ್ಯಾರ್ ಒಂದರ ಮರುದಿನ, ಅಂದರೆ ಏಪ್ರಿಲ್ ಮಧ್ಯದಲ್ಲಿ, ಎಲ್ಲ ಚೀಲಗಳನ್ನೂ ಬಿಚ್ಚುತ್ತೇವೆ. ಮಕ್ಕಳಿಗೆ ತೊಡಿಸಿ ನೋಡುತ್ತೇವೆ, ಸಡಿಲಾದ ಎಲಾಸ್ಟಿಕ್ ಬದಲಿಸುತ್ತೇವೆ, ಚಿಕ್ಕದಾದದ್ದನ್ನು ಒಗೆದು ಇಸ್ತ್ರಿ ಮಾಡಿ ಬೇರೆ ಮನೆಯ ಮಕ್ಕಳಿಗೆ ಕೊಡುತ್ತೇವೆ. ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ಮತ್ತೊಮ್ಮೆ ಬಿಚ್ಚಿ ಗಾಳಿಗೆ ಹಾಕುತ್ತೇವೆ.

ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಸಾಧ್ಯತೆ. ರೆಡ್ ಅಲರ್ಟ್ ಎಂದರೆ ಅದಕ್ಕೂ ಮೇಲೆ, ನಮ್ಮ ತೋಟಗಳ ಇಂಚಿನ ಲೆಕ್ಕದಲ್ಲಿ ಎಂಟು ಇಂಚಿಗೂ ಹೆಚ್ಚು. ಆರೆಂಜ್ ಘೋಷಣೆಯಾದ ಸಂಜೆಯೇ ಮನೆಮಂದಿಯೆಲ್ಲ ಬೇಗ ಒಣಗುವ ಉಡುಪಿಗೆ ಬದಲಾಗಬೇಕು, ಮಳೆಅಂಗಿ ಮತ್ತು ಸ್ಯಾಂಡಲುಗಳು ಮಂಚದ ಪಕ್ಕಕ್ಕೆ ಬರಬೇಕು. ರೆಡ್ ಅಲರ್ಟಿನ ರಾತ್ರಿ, ಬರೆಯ ಕೆಳಗಿನ ಮನೆಯವರು ಅಲ್ಲಿ ಮಲಗದಿರುವುದೇ ಸರಿ.

ಕೊನೆಯದಾಗಿ, ತುಂಬಿದ ಚೀಲವನ್ನು ಹೊತ್ತು ನಡೆದು ನೋಡಬೇಕು. ದೊಡ್ಡವರ ಚೀಲ ಅವರ ಮೈತೂಕದ ಆರನೆಯ ಒಂದು ಭಾಗವನ್ನೂ, ಮಕ್ಕಳದ್ದು ಹತ್ತನೆಯ ಒಂದು ಭಾಗವನ್ನೂ ಮೀರದಿರಲಿ. ಕಳೆದ ಮೇ ತಿಂಗಳಲ್ಲಿ ಅಮ್ಮ ತಮ್ಮ ಚೀಲ ಹೊತ್ತು ಮನೆಯಿಂದ ರಸ್ತೆಯವರೆಗಿನ ಮೆಟ್ಟಿಲು ಹತ್ತಿದಾಗ ನಡುವೆ ಮೂರು ಸಲ ನಿಂತರು. ತೂಗಿ ನೋಡಿದರೆ 9 ಕಿಲೋ ಇತ್ತು. ಬಿಚ್ಚಿದಾಗ ತಳದಲ್ಲಿ, ಕಾಗದದಲ್ಲಿ ಸುತ್ತಿದ ಎರಡು ರೇಷ್ಮೆ ಸೀರೆ ಮತ್ತು ಅಪ್ಪನ ಆ ಹಳೆಯ ಸ್ವೆಟರ್ ಸಿಕ್ಕವು. ಸೀರೆಗಳು ಅತ್ತಿಗೆಯ ಮನೆಗೆ ಹೋದವು, ಸ್ವೆಟರಿನ ಜಾಗಕ್ಕೆ ಫ್ಲೀಸ್ ಬಂತು; ಈಗ ಚೀಲ 6 ಕಿಲೋಗೆ ಇಳಿದಿದೆ, ಅಮ್ಮ ನಿಲ್ಲದೆ ರಸ್ತೆ ತಲುಪುತ್ತಾರೆ.